ಪರೀಕ್ಷೆ ತಂದವನ ಉತ್ತರಪತ್ರಿಕೆ

ಧಾರವಾಡದ ಸಪ್ತಾಪುರದಲ್ಲಿ ಸಂಜೆ ಆರರ ಹೊತ್ತಿಗೆ ಒಮ್ಮೆ ನಡೆದು ನೋಡಿ. ಕೈಯಲ್ಲಿ ನೋಟ್ಸ್ ಹಿಡಿದವರು, ಝೆರಾಕ್ಸ್ ಅಂಗಡಿಯ ಮುಂದೆ ಸಾಲು ನಿಂತವರು, ಚಹಾ ಕುಡಿಯುತ್ತಲೇ ಸಂವಿಧಾನದ ವಿಧಿಗಳನ್ನು ಒಬ್ಬರಿಗೊಬ್ಬರು ಕೇಳಿಕೊಳ್ಳುವವರು ಸಿಗುತ್ತಾರೆ. ಆ ಗುಂಪಿನಲ್ಲಿ ನನ್ನ ಅಕ್ಕನೂ ಒಬ್ಬಳು. ಮೂರು ವರ್ಷದಿಂದ ಕೆಎಎಸ್‌ಗೆ ಓದುತ್ತಿದ್ದಾಳೆ. ನಾನು ಹುಬ್ಬಳ್ಳಿಯಲ್ಲಿ ಸಿವಿಲ್ ಎಂಜಿನಿಯರಿಂಗ್, ಐದನೇ ಸೆಮಿಸ್ಟರ್. ಶನಿವಾರ ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಯನ್ನು ಅಕ್ಕನಿಗೆ ತಲುಪಿಸುವುದು ನನ್ನ ಕೆಲಸ.

ಒಂದು ಶನಿವಾರ ಅಕ್ಕನ ಮುಖ ಸಪ್ಪಗಿತ್ತು. ಅಣಕು ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಿತ್ತು. ನಗಿಸೋಣ ಅಂತ, ಈ ಸ್ಪರ್ಧಾತ್ಮಕ ಪರೀಕ್ಷೆ ಎಂಬುದನ್ನು ಕಂಡುಹಿಡಿದ ಪುಣ್ಯಾತ್ಮ ಯಾರು ಎಂದು ಕೇಳಿದೆ. ಅವಳು ನಗಲಿಲ್ಲ. ನಾರ್ತ್‌ಕೋಟ್-ಟ್ರೆವೆಲಿಯನ್ ವರದಿ, 1854 ಎಂದು ಪಟ್ಟನೆ ಉತ್ತರ ಹೇಳಿ ರೊಟ್ಟಿ ಗಂಟು ಬಿಚ್ಚಿದಳು. ಅವಳಿಗೆ ಅದು ನೆನಪಿಡಬೇಕಾದ ಒಂದು ಸಾಲು ಅಷ್ಟೇ. ನನಗೆ ಮಾತ್ರ ಆ ಹೆಸರು ತಲೆಯಲ್ಲಿ ಉಳಿಯಿತು.

ಉಳಿಯಲು ಇನ್ನೊಂದು ಕಾರಣವಿತ್ತು. ಆ ದಿನಗಳಲ್ಲೇ ಅಜ್ಜಿಯ ವೃದ್ಧಾಪ್ಯ ಪಿಂಚಣಿ ನಿಂತುಹೋಗಿತ್ತು. ಒಂದು ದಾಖಲೆಯಲ್ಲಿ ಅವಳ ಹೆಸರು ಅವ್ವ ಎಂದು ಮುಗಿಯುತ್ತದೆ, ಇನ್ನೊಂದರಲ್ಲಿ ಅಮ್ಮ ಎಂದು. ಇಷ್ಟೇ ತಪ್ಪು. ನಾನು ಅಜ್ಜಿಯನ್ನು ಕರೆದುಕೊಂಡು ಒಂದು ಕಚೇರಿಗೆ ನಾಲ್ಕು ಸಲ ಅಲೆದೆ. ಅಲ್ಲಿ ಕುಳಿತಿದ್ದವರು ಕೆಟ್ಟವರೇನಲ್ಲ. ಲಂಚ ಕೇಳಲಿಲ್ಲ, ಬೈಯಲಿಲ್ಲ. ಹೆಸರು ಹೊಂದಿಕೆಯಾಗುತ್ತಿಲ್ಲ, ನಿಯಮ ಹೀಗಿದೆ ಎಂದು ಶಾಂತವಾಗಿ ಹೇಳಿ ಕಾಗದ ವಾಪಸ್ ಕೊಟ್ಟರು. ಒಮ್ಮೆಯೂ ತಲೆಯೆತ್ತಿ ಅಜ್ಜಿಯ ಮುಖ ನೋಡಲಿಲ್ಲ. ಅವರೂ ಯಾವುದೋ ಪರೀಕ್ಷೆಯನ್ನು ಚೆನ್ನಾಗಿ ಬರೆದೇ ಆ ಕುರ್ಚಿಗೆ ಬಂದವರು ಎಂಬುದು ಬಸ್ಸಿನಲ್ಲಿ ಹಿಂದಿರುಗುವಾಗ ನನಗೆ ಹೊಳೆಯಿತು. ಆಗ ನಾನು ಟ್ರೆವೆಲಿಯನ್ ಬಗ್ಗೆ ಓದಲು ಶುರು ಮಾಡಿದೆ.

ಚಾರ್ಲ್ಸ್ ಎಡ್ವರ್ಡ್ ಟ್ರೆವೆಲಿಯನ್ ಹುಟ್ಟಿದ್ದು 1807ರ ಏಪ್ರಿಲ್ 2ರಂದು, ಇಂಗ್ಲೆಂಡಿನ ಟಾಂಟನ್‌ನಲ್ಲಿ. ತಂದೆ ಚರ್ಚಿನ ದೊಡ್ಡ ಅಧಿಕಾರಿ. ಹುಡುಗ ಓದಿದ್ದು ಹೇಲಿಬರಿಯಲ್ಲಿ. ಅದು ಈಸ್ಟ್ ಇಂಡಿಯಾ ಕಂಪನಿ ತನ್ನ ಭಾವಿ ಅಧಿಕಾರಿಗಳನ್ನು ತಯಾರು ಮಾಡಲು ನಡೆಸುತ್ತಿದ್ದ ಕಾಲೇಜು. ಅಲ್ಲಿಗೆ ಸೇರಬೇಕೆಂದರೆ ಕಂಪನಿಯ ನಿರ್ದೇಶಕರಲ್ಲಿ ಯಾರಾದರೊಬ್ಬರು ಹೆಸರು ಸೂಚಿಸಬೇಕಿತ್ತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ವಶೀಲಿ. ಮುಂದೆ ಇಡೀ ಬ್ರಿಟನ್ನಿನ ವಶೀಲಿ ವ್ಯವಸ್ಥೆಗೆ ಕೊಡಲಿ ಪೆಟ್ಟು ಹಾಕಿದವನು ತಾನೇ ಆ ಬಾಗಿಲಿನಿಂದ ಒಳಗೆ ಬಂದವನು.

1826ರಲ್ಲಿ ಆತ ಭಾರತಕ್ಕೆ ಬಂದ. ದೆಹಲಿಯಲ್ಲಿ ಕೆಲಸ. ಹೊಸದಾಗಿ ಸೇರಿದ ಹುಡುಗರು ಕುದುರೆ ಸವಾರಿ, ಬೇಟೆ, ಔತಣ ಎಂದು ಓಡಾಡುತ್ತಿದ್ದ ಕಾಲ ಅದು. ಟ್ರೆವೆಲಿಯನ್ ಕಡತಗಳನ್ನು ಓದುತ್ತಿದ್ದ, ಊರಿನವರ ಜೊತೆ ಅವರ ಭಾಷೆಯಲ್ಲೇ ಮಾತಾಡುತ್ತಿದ್ದ. ಹೀಗೆ ಓದುತ್ತ, ಕೇಳುತ್ತ ಹೋದವನಿಗೆ ಒಂದು ಭಯಂಕರ ಸತ್ಯ ಗೊತ್ತಾಯಿತು. ದೆಹಲಿಯ ರೆಸಿಡೆಂಟ್ ಆಗಿದ್ದ ಸರ್ ಎಡ್ವರ್ಡ್ ಕೋಲ್‌ಬ್ರೂಕ್, ಅಂದರೆ ಅವನ ಮೇಲಧಿಕಾರಿಯೇ, ಜನರಿಂದ ಕಾಣಿಕೆಯ ಹೆಸರಿನಲ್ಲಿ ಹಣ ತೆಗೆದುಕೊಳ್ಳುತ್ತಿದ್ದ.

1829ರಲ್ಲಿ ಟ್ರೆವೆಲಿಯನ್ ಬಹಿರಂಗವಾಗಿ ಆರೋಪ ಹೊರಿಸಿದ. ಆಗ ಅವನ ವಯಸ್ಸು 22. ಎದುರಿಗಿದ್ದವನು ದಶಕಗಳ ಸೇವೆಯಾದ ಹಿರಿಯ, ದೊಡ್ಡ ಮನೆತನದವನು. ದೆಹಲಿಯ ಬಿಳಿಯರ ಸಮಾಜ ಹುಡುಗನನ್ನೇ ದೂರ ಇಟ್ಟಿತು. ಆರೋಪ ಸಾಬೀತಾಗದಿದ್ದರೆ ಅವನ ನೌಕರಿ ಅಲ್ಲಿಗೇ ಮುಗಿಯುತ್ತಿತ್ತು. ವಿಚಾರಣೆ ನಡೆಯಿತು. ಕೋಲ್‌ಬ್ರೂಕ್ ತಪ್ಪಿತಸ್ಥನೆಂದು ತೀರ್ಮಾನವಾಗಿ ಸೇವೆಯಿಂದ ವಜಾ ಆದ. ಈ ಭಾಗ ಓದುವಾಗ ನನ್ನ ಮೈ ಜುಂ ಎಂದಿತು. ನನಗೀಗ 20. ಲ್ಯಾಬಿನಲ್ಲಿ ಬಂದ ರೀಡಿಂಗ್ ತಪ್ಪಿದೆ ಎಂದು ಪ್ರಾಧ್ಯಾಪಕರ ಎದುರು ಹೇಳಲೂ ಹೆದರುವವನು ನಾನು.

ಆಮೇಲೆ ಕಲ್ಕತ್ತ. ಬಂಗಾಳದಲ್ಲಿ ಆಗ ಸರಕು ಒಂದೂರಿನಿಂದ ಇನ್ನೊಂದೂರಿಗೆ ಹೋಗಬೇಕೆಂದರೆ ದಾರಿಯುದ್ದಕ್ಕೂ ಸುಂಕದ ಕಟ್ಟೆಗಳು. ಪ್ರತಿ ಕಟ್ಟೆಯಲ್ಲಿ ತಡ, ಪ್ರತಿ ಕಟ್ಟೆಯಲ್ಲಿ ಕೈಬಿಸಿ. ಈ ಒಳನಾಡಿನ ಸುಂಕದಿಂದ ಸರ್ಕಾರಕ್ಕೆ ಬರುವ ಹಣಕ್ಕಿಂತ ಜನರಿಗೆ ಆಗುವ ಹಾನಿಯೇ ದೊಡ್ಡದು ಎಂದು ಟ್ರೆವೆಲಿಯನ್ ವರದಿ ಬರೆದ. 1836ರಲ್ಲಿ ಬಂಗಾಳದಲ್ಲಿ ಆ ಸುಂಕ ರದ್ದಾಯಿತು. ಈ ನಡುವೆ 1834ರಲ್ಲಿ ಮೆಕಾಲೆಯ ತಂಗಿ ಹ್ಯಾನಾಳನ್ನು ಮದುವೆಯಾದ. ಹೌದು, ನಾವೆಲ್ಲ ಇಂಗ್ಲಿಷ್ ಶಿಕ್ಷಣದ ಪಾಠದಲ್ಲಿ ಓದುವ ಅದೇ ಮೆಕಾಲೆ. ಭಾರತೀಯರಿಗೆ ಇಂಗ್ಲಿಷಿನಲ್ಲೇ ಕಲಿಸಬೇಕು ಎಂಬ ವಾದದಲ್ಲಿ ಭಾವ ಭಾವಮೈದುನ ಇಬ್ಬರದೂ ಒಂದೇ ಪಕ್ಷ.

1840ರಲ್ಲಿ, 32ನೇ ವಯಸ್ಸಿಗೆ, ಲಂಡನ್ನಿನ ಖಜಾನೆಯಲ್ಲಿ ಸಹಾಯಕ ಕಾರ್ಯದರ್ಶಿಯಾಗಿ ನೇಮಕವಾದ. ಹುದ್ದೆಯ ಹೆಸರು ಚಿಕ್ಕದು, ಅಧಿಕಾರ ದೊಡ್ಡದು. ಮಂತ್ರಿಗಳು ಬದಲಾಗುತ್ತಿದ್ದರು, ಆತ ಮಾತ್ರ 19 ವರ್ಷ ಅಲ್ಲೇ ಇದ್ದ. ದೇಶದ ಖರ್ಚಿನ ಪ್ರತಿ ಕಾಸೂ ಅವನ ಮೇಜಿನ ಮೇಲೆ ಹಾದು ಹೋಗಬೇಕಿತ್ತು.

ಇಲ್ಲಿಯವರೆಗಿನ ಕತೆಯನ್ನು ನಾನು ಅಕ್ಕನಿಗೆ ಫೋನಿನಲ್ಲಿ ಹುರುಪಿನಿಂದ ಹೇಳಿದ್ದೆ. ಮುಂದಿನದನ್ನು ಓದಿದ ಮೇಲೆ ಎರಡು ದಿನ ಫೋನ್ ಮಾಡಲಿಲ್ಲ.

1845ರ ಶರತ್ಕಾಲದಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. ಅಗೆದರೆ ಮಣ್ಣಿನಲ್ಲೇ ಕಪ್ಪಗೆ ಕೊಳೆತ ಗಡ್ಡೆ. ಆಗ ಆ ದ್ವೀಪದ ಜನಸಂಖ್ಯೆ 80 ಲಕ್ಷಕ್ಕೂ ಹೆಚ್ಚು. ಬಡವರಿಗೆ ಆಲೂಗಡ್ಡೆಯೇ ಅನ್ನ. ಮರುವರ್ಷ ಬೆಳೆ ಪೂರ್ತಿ ಹೋಯಿತು. ಐರ್ಲೆಂಡ್ ಆಗ ಬ್ರಿಟಿಷ್ ಆಳ್ವಿಕೆಯಲ್ಲಿತ್ತು, ಪರಿಹಾರದ ಹಣ ಖಜಾನೆಯಿಂದ ಹೋಗಬೇಕಿತ್ತು. ಪರಿಹಾರದ ಉಸ್ತುವಾರಿ ಟ್ರೆವೆಲಿಯನ್ ಕೈಗೆ ಬಂತು.

ಆತ ಸೋಮಾರಿಯಾಗಿರಲಿಲ್ಲ. ಹಗಲು ರಾತ್ರಿ ದುಡಿದ. ಸಾವಿರಾರು ಪತ್ರ ಬರೆದ. ಒಂದು ಪೈಸೆಯೂ ದುರುಪಯೋಗವಾಗಬಾರದು, ಜನ ಸರ್ಕಾರದ ಮೇಲೆ ಅವಲಂಬಿತರಾಗಬಾರದು, ಧಾನ್ಯದ ವ್ಯಾಪಾರದಲ್ಲಿ ಸರ್ಕಾರ ಕೈ ಹಾಕಬಾರದು. ಇವು ಅವನ ಸೂತ್ರಗಳು. ಹಸಿದವರಿಗೆ ಸುಮ್ಮನೆ ಊಟ ಕೊಡುವ ಬದಲು ರಸ್ತೆ ಕೆಲಸ ಕೊಡಲಾಯಿತು. 1847ರ ಮಾರ್ಚ್ ವೇಳೆಗೆ 7 ಲಕ್ಷಕ್ಕೂ ಹೆಚ್ಚು ಜನ ಆ ಕಾಮಗಾರಿಗಳಲ್ಲಿದ್ದರು. ಕೂಲಿ ಕೊಟ್ಟಿದ್ದು ಮಾಡಿದ ಕೆಲಸದ ಅಳತೆಯ ಮೇಲೆ. ಎಷ್ಟು ಕಲ್ಲು ಒಡೆದರೆ ಅಷ್ಟು ದುಡ್ಡು.

ಸಿವಿಲ್ ಓದುವ ನನಗೆ ಅಳತೆ ಪುಸ್ತಕ ಗೊತ್ತು. ಉದ್ದ, ಅಗಲ, ಆಳ ಬರೆದು ಗುಣಿಸಿ ಬಿಲ್ ಮಾಡುತ್ತಾರೆ. ಅದರಲ್ಲಿ ಅನ್ಯಾಯವೇನೂ ಕಾಣುವುದಿಲ್ಲ. ಆದರೆ ವಾರಗಟ್ಟಲೆ ಹೊಟ್ಟೆಗಿಲ್ಲದವನ ಕೈಗೆ ಸುತ್ತಿಗೆ ಕೊಟ್ಟರೆ ಅವನು ಎಷ್ಟು ಕಲ್ಲು ಒಡೆದಾನು? ಹೆಚ್ಚು ಹಸಿದವನಿಗೆ ಕಡಿಮೆ ಕೂಲಿ ಸಿಕ್ಕಿತು. ಎಷ್ಟೋ ಕಡೆ ಆ ಕೂಲಿಯೂ ತಡವಾಗಿ ಬಂತು. ಎಲ್ಲಿಗೂ ಹೋಗದ ರಸ್ತೆಗಳು ತಯಾರಾದವು. ಲೆಕ್ಕದ ಪುಸ್ತಕ ಸರಿಯಾಗಿತ್ತು. ಜನ ರಸ್ತೆ ಬದಿಯಲ್ಲೇ ಸತ್ತರು.

1847ರ ಬೇಸಿಗೆಯಲ್ಲಿ ಸರ್ಕಾರ ದಾರಿ ಬದಲಿಸಿ ಗಂಜಿ ಕೇಂದ್ರಗಳನ್ನು ತೆರೆಯಿತು. ದಿನಕ್ಕೆ ಸುಮಾರು 30 ಲಕ್ಷ ಜನರಿಗೆ ಊಟ ಸಿಕ್ಕಿತು. ಮನಸ್ಸು ಮಾಡಿದರೆ ಆಗುತ್ತದೆ ಎಂದು ಅಲ್ಲೇ ಸಾಬೀತಾಯಿತು. ಆದರೆ ಕೆಲವೇ ತಿಂಗಳಲ್ಲಿ ಅದನ್ನು ನಿಲ್ಲಿಸಿ, ಬಡವರ ಹೊರೆಯನ್ನು ಐರ್ಲೆಂಡಿನ ಸ್ಥಳೀಯ ತೆರಿಗೆಯ ಮೇಲೆ ಹಾಕಲಾಯಿತು. ಬಿಕ್ಕಟ್ಟು ಮುಗಿಯಿತು ಎಂಬಂತೆ ಟ್ರೆವೆಲಿಯನ್ 1848ರಲ್ಲಿ ಪುಸ್ತಕವನ್ನೂ ಬರೆದ. ಆ ಬರವನ್ನು ಆತ ದೇವರ ಇಚ್ಛೆಯಂತೆ ಕಂಡಿದ್ದ. ಅದೇ ವರ್ಷ ಸರ್ ಪದವಿಯೂ ಬಂತು. ಬರ ಮಾತ್ರ ಮುಗಿದಿರಲಿಲ್ಲ. ಒಟ್ಟು ಸುಮಾರು 10 ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿ ದೇಶ ಬಿಟ್ಟರು.

ಎಲ್ಲ ತಪ್ಪೂ ಒಬ್ಬನದೇ ಅಲ್ಲ. ಅವನ ಮೇಲೆ ಪ್ರಧಾನಿಯಿದ್ದರು, ಹಣಕಾಸು ಮಂತ್ರಿಯಿದ್ದರು, ಅವರ ಹಿಂದೆ ಪಾರ್ಲಿಮೆಂಟ್ ಇತ್ತು. ಅವನ ಪಾಲಿನ ಹೊಣೆ ಎಷ್ಟು ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ಐರ್ಲೆಂಡಿನ ಜನ ಮಾತ್ರ ಮರೆತಿಲ್ಲ. ಅಲ್ಲಿ ಎಲ್ಲರ ಬಾಯಲ್ಲಿರುವ ಹಾಡೊಂದರಲ್ಲಿ ಅವನ ಹೆಸರು ಇಂದಿಗೂ ಬರುತ್ತದೆ, ಹೊಗಳಿಕೆಗೆ ಅಲ್ಲ.

ದೆಹಲಿಯಲ್ಲಿ ಲಂಚದ ವಿರುದ್ಧ ನಿಂತ ಹುಡುಗ ಮತ್ತು ಈ ಅಧಿಕಾರಿ ಒಬ್ಬನೇ ಹೇಗೆ ಆಗುತ್ತಾನೆ ಎಂದು ನಾನು ಬಹಳ ಯೋಚಿಸಿದೆ. ಒಂದು ವ್ಯತ್ಯಾಸ ಕಂಡಿತು. ದೆಹಲಿಯಲ್ಲಿ ಆತ ಜನರ ನಡುವೆ ಇದ್ದ, ಅವರ ದೂರು ಅವರ ಬಾಯಿಂದಲೇ ಕೇಳಿದ್ದ. ಲಂಡನ್ನಿನಲ್ಲಿ ಅವನ ಮುಂದಿದ್ದದ್ದು ಕಾಗದ ಮಾತ್ರ.

ಇನ್ನು ಅಕ್ಕನ ಆ ಒಂದು ಸಾಲಿಗೆ ಬರೋಣ. ಆಗಿನ ಬ್ರಿಟಿಷ್ ಸರ್ಕಾರಿ ಕಚೇರಿಗಳಲ್ಲಿ ಕೆಲಸ ಸಿಗುತ್ತಿದ್ದದ್ದು ಮಂತ್ರಿಗಳ, ಪಾರ್ಲಿಮೆಂಟ್ ಸದಸ್ಯರ ಕೃಪೆಯಿಂದ. ಬೇರೆ ಯಾವ ವೃತ್ತಿಗೂ ಲಾಯಕ್ಕಿಲ್ಲದ ಮಗ, ಅಳಿಯ, ಸೋದರಳಿಯರಿಗೆ ಸರ್ಕಾರಿ ನೌಕರಿ ಒಂದು ಆಸರೆ. ಒಮ್ಮೆ ಒಳಗೆ ಸೇರಿದರೆ ಸರದಿಯ ಮೇಲೆ ಬಡ್ತಿ, ಕೊನೆಗೆ ಪಿಂಚಣಿ. ಕೆಲಸ ಮಾಡಿದವನಿಗೂ ಮಾಡದವನಿಗೂ ಒಂದೇ ಗತಿ. ಬುದ್ಧಿವಂತ ಹುಡುಗನೊಬ್ಬ ಬಂದರೂ ವರ್ಷಗಟ್ಟಲೆ ಕಾಗದ ನಕಲು ಮಾಡುತ್ತ ಮೊಂಡಾಗಿ ಹೋಗುತ್ತಿದ್ದ.

1853ರಲ್ಲಿ ಹಣಕಾಸು ಮಂತ್ರಿಯಾಗಿದ್ದ ಗ್ಲಾಡ್‌ಸ್ಟನ್ ಇದನ್ನು ಪರಿಶೀಲಿಸಲು ಟ್ರೆವೆಲಿಯನ್ ಮತ್ತು ಸ್ಟಾಫರ್ಡ್ ನಾರ್ತ್‌ಕೋಟ್‌ಗೆ ಹೇಳಿದ. ಇಬ್ಬರೂ ಸೇರಿ ಆ ವರ್ಷದ ನವೆಂಬರ್ 23ರಂದು ಸಹಿ ಮಾಡಿದ ವರದಿ 1854ರ ಫೆಬ್ರುವರಿಯಲ್ಲಿ ಪಾರ್ಲಿಮೆಂಟಿನ ಮುಂದೆ ಬಂತು. ನಮ್ಮ ಪ್ರಾಜೆಕ್ಟ್ ರಿಪೋರ್ಟಿಗಿಂತ ಚಿಕ್ಕದು. ಆದರೆ ಅದರಲ್ಲಿದ್ದ ಸಲಹೆಗಳು ನಮಗೆಲ್ಲ ಗೊತ್ತಿರುವಂಥವೇ. ನೇಮಕಾತಿ ಮುಕ್ತ ಸ್ಪರ್ಧಾ ಪರೀಕ್ಷೆಯಿಂದ ಆಗಬೇಕು. ಪರೀಕ್ಷೆಯನ್ನು ಇಲಾಖೆಗಳಲ್ಲ, ಸ್ವತಂತ್ರ ಮಂಡಳಿಯೊಂದು ನಡೆಸಬೇಕು. ಮೇಲಿನ ಹುದ್ದೆಗೆ 19ರಿಂದ 25, ಕೆಳಗಿನ ಹುದ್ದೆಗೆ 17ರಿಂದ 21 ವಯಸ್ಸಿನ ಮಿತಿ. ಆಯ್ಕೆಯಾದವರಿಗೆ ಪರೀಕ್ಷಾವಧಿ. ಬುದ್ಧಿಯ ಕೆಲಸ ಬೇರೆ, ನಕಲು ಮಾಡುವ ಕೆಲಸ ಬೇರೆ. ಬಡ್ತಿಗೆ ಅರ್ಹತೆ ಮುಖ್ಯ. ವಾರ್ಷಿಕ ಸಂಬಳ ಏರಿಕೆ ಬೇಕೆಂದರೆ ಹೊತ್ತಿಗೆ ಸರಿಯಾಗಿ ಬಂದು ತೃಪ್ತಿಕರವಾಗಿ ಕೆಲಸ ಮಾಡಿದ್ದಾನೆ ಎಂದು ಮೇಲಧಿಕಾರಿ ಬರೆದುಕೊಡಬೇಕು.

ಗದ್ದಲ ಎದ್ದಿತು. ತಮ್ಮನ್ನು ಸೋಮಾರಿಗಳೆಂದು ಕರೆದದ್ದಕ್ಕೆ ನೌಕರರು ಸಿಟ್ಟಾದರು, ನೇಮಕಾತಿಯ ಅಧಿಕಾರ ಹೋಗುತ್ತದೆಂದು ರಾಜಕಾರಣಿಗಳು ಸಿಟ್ಟಾದರು. ಅಂಚೆ ಇಲಾಖೆಯಲ್ಲಿದ್ದ ಕಾದಂಬರಿಕಾರ ಆಂಥನಿ ಟ್ರೋಲಪ್ ತನ್ನ ಒಂದು ಕಾದಂಬರಿಯಲ್ಲಿ ಟ್ರೆವೆಲಿಯನ್‌ನನ್ನು ಹೋಲುವ ಪಾತ್ರ ಸೃಷ್ಟಿಸಿ ನಗೆಯಾಡಿದ. ಅಷ್ಟರಲ್ಲಿ ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಚಳಿ, ರೋಗ ಮತ್ತು ಕಚೇರಿಗಳ ಅವ್ಯವಸ್ಥೆಯಿಂದ ಸಾಯತೊಡಗಿದಾಗ ಸುಧಾರಣೆ ಬೇಕು ಎಂಬ ಕೂಗು ಜೋರಾಯಿತು. 1855ರಲ್ಲಿ ಸಿವಿಲ್ ಸರ್ವೀಸ್ ಆಯೋಗ ಬಂತು. ಆದರೂ ಮುಕ್ತ ಸ್ಪರ್ಧೆ ಹೆಚ್ಚಿನ ಇಲಾಖೆಗಳಿಗೆ ನಿಯಮವಾದದ್ದು 1870ರಲ್ಲಿ. ಹದಿನಾರು ವರ್ಷ ಬೇಕಾಯಿತು.

ವಿಚಿತ್ರವೆಂದರೆ ಭಾರತದ ಆಡಳಿತಕ್ಕೆ ಪರೀಕ್ಷೆ ಅದಕ್ಕಿಂತ ಮೊದಲೇ ಬಂದಿತ್ತು. ಮೆಕಾಲೆ ನೇತೃತ್ವದ ಸಮಿತಿಯ ಸಲಹೆಯಂತೆ 1855ರಲ್ಲೇ ಐಸಿಎಸ್‌ನ ಮೊದಲ ಸ್ಪರ್ಧಾ ಪರೀಕ್ಷೆ ಲಂಡನ್ನಿನಲ್ಲಿ ನಡೆಯಿತು. ಕಾಗದದ ಮೇಲೆ ಎಲ್ಲರಿಗೂ ಮುಕ್ತ. ನಿಜದಲ್ಲಿ ಸಮುದ್ರ ದಾಟಿ ಹೋಗಿ ಬರೆಯಬಲ್ಲ ಭಾರತೀಯ ಎಷ್ಟು ಜನ? 1863ರಲ್ಲಿ ಸತ್ಯೇಂದ್ರನಾಥ ಠಾಕೂರ್ ತೇರ್ಗಡೆಯಾದ ಮೊದಲ ಭಾರತೀಯರು. ಭಾರತದ ನೆಲದಲ್ಲೇ ಪರೀಕ್ಷೆ ಬರೆಯುವ ಅವಕಾಶ ಸಿಕ್ಕಿದ್ದು 1922ರಲ್ಲಿ. ನಮ್ಮ ಮೈಸೂರು ಸಂಸ್ಥಾನದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಮೈಸೂರು ಸಿವಿಲ್ ಸರ್ವೀಸ್‌ಗೆ ಸ್ಪರ್ಧಾ ಪರೀಕ್ಷೆ ಶುರುವಾಯಿತು. ಮುಂದೆ ನಮ್ಮ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರೂ ಅದೇ ಪರೀಕ್ಷೆ ಬರೆದು ಅಧಿಕಾರಿಯಾದವರು. ಸಪ್ತಾಪುರದ ಝೆರಾಕ್ಸ್ ಅಂಗಡಿಯ ಸಾಲು ಅಲ್ಲಿಂದ ಇಲ್ಲಿಯವರೆಗೆ ಬಂದಿದೆ ಎನ್ನಬಹುದು.

1859ರಲ್ಲಿ ಟ್ರೆವೆಲಿಯನ್ ಮದ್ರಾಸಿನ ಗವರ್ನರ್ ಆಗಿ ಬಂದ. ಇಂದಿನ ಬಳ್ಳಾರಿ, ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಹಾಗಾಗಿ ಸ್ವಲ್ಪ ಕಾಲ ಕನ್ನಡಿಗರಿಗೂ ಆತನೇ ಆಳುವವನು. ಮರುವರ್ಷ ಹಣಕಾಸು ಸದಸ್ಯ ಜೇಮ್ಸ್ ವಿಲ್ಸನ್ ಭಾರತಕ್ಕೆ ಮೊದಲ ಬಾರಿ ಆದಾಯ ತೆರಿಗೆ ತಂದಾಗ ಟ್ರೆವೆಲಿಯನ್ ವಿರೋಧಿಸಿದ. ಹೊಸ ತೆರಿಗೆ ಬೇಡ, ಮೊದಲು ಸೈನ್ಯದ ಖರ್ಚು ಇಳಿಸಿ ಎಂಬುದು ಅವನ ವಾದ. ವಿರೋಧಿಸಿದ್ದಷ್ಟೇ ಅಲ್ಲ, ತನ್ನ ಟಿಪ್ಪಣಿಯನ್ನು ಪತ್ರಿಕೆಗಳಿಗೇ ಕೊಟ್ಟುಬಿಟ್ಟ. ಸರ್ಕಾರದ ಶಿಸ್ತು ಮುರಿದ ತಪ್ಪಿಗೆ 1860ರಲ್ಲಿ ವಾಪಸ್ ಕರೆಸಿಕೊಂಡರು. ಎಲ್ಲರಿಗೂ ಉತ್ತರದಾಯಿತ್ವ ಹೇಳಿದವನೇ ಶಿಕ್ಷೆ ಅನುಭವಿಸಿದ. ಆದರೆ 1863ರಲ್ಲಿ ಅವನನ್ನೇ ಹಣಕಾಸು ಸದಸ್ಯನನ್ನಾಗಿ ಕಲ್ಕತ್ತೆಗೆ ಕಳಿಸಿದರು. 1865ರಲ್ಲಿ ಆ ಆದಾಯ ತೆರಿಗೆಯ ಅವಧಿ ಮುಗಿದಾಗ ಅದು ಮುಂದುವರಿಯಲಿಲ್ಲ. ಅದೇ ವರ್ಷ ಆರೋಗ್ಯ ಕೆಟ್ಟು ಇಂಗ್ಲೆಂಡಿಗೆ ಮರಳಿದ. ಅಲ್ಲೂ ಸುಮ್ಮನೆ ಕೂರಲಿಲ್ಲ. ಸೈನ್ಯದಲ್ಲಿ ದುಡ್ಡು ಕೊಟ್ಟು ಅಧಿಕಾರಿ ಹುದ್ದೆ ಕೊಳ್ಳುವ ಪದ್ಧತಿಯ ವಿರುದ್ಧ ಬರೆದ. 1871ರಲ್ಲಿ ಆ ಪದ್ಧತಿಯೂ ಹೋಯಿತು. 1886ರ ಜೂನ್ 19ರಂದು, 79ನೇ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ತೀರಿಕೊಂಡ.

ಈ ಮನುಷ್ಯನಿಗೆ ಎಷ್ಟು ಅಂಕ ಕೊಡುವುದು? ನೇಮಕಾತಿಯಲ್ಲಿ ನ್ಯಾಯ ಎಂಬ ಪ್ರಶ್ನೆಗೆ ಪೂರ್ತಿ ಅಂಕ ಕೊಡುತ್ತೇನೆ. ವಶೀಲಿ ಇಲ್ಲದ ನನ್ನ ಅಕ್ಕನಂಥ ರೈತರ ಮಗಳು ಅಧಿಕಾರಿಯಾಗುವ ಕನಸು ಕಾಣುತ್ತಿದ್ದಾಳೆ ಎಂದರೆ ಅದರ ಹಿಂದೆ ಆ ಚಿಕ್ಕ ವರದಿಯ ಪಾಲೂ ಇದೆ. ಪರೀಕ್ಷೆ ಮುಂದೆ ಹೋದಾಗ, ಪತ್ರಿಕೆ ಸೋರಿಕೆಯ ಸುದ್ದಿ ಬಂದಾಗ ನಮಗೆ ಅಷ್ಟು ಸಿಟ್ಟು ಬರುವುದೂ ಅದಕ್ಕೇ. ಕಳೆದುಹೋಗುವುದು ಹಾಳೆಯಲ್ಲ, ಆ ನ್ಯಾಯ.

ಆದರೆ ಕಡ್ಡಾಯ ಪ್ರಶ್ನೆಯೊಂದಿತ್ತು. ಉತ್ತರ ಕೊಡಬೇಕಾದದ್ದು ಯಾರಿಗೆ? ಟ್ರೆವೆಲಿಯನ್ ಮೇಲಧಿಕಾರಿಗೆ, ಖಜಾನೆಗೆ, ಲೆಕ್ಕಪತ್ರಕ್ಕೆ ಎಂದು ಬರೆದ. ರಸ್ತೆ ಬದಿಯಲ್ಲಿ ಕಲ್ಲು ಒಡೆಯುತ್ತಿದ್ದವನಿಗೆ ಎಂದು ಬರೆಯಲಿಲ್ಲ. ಕಾರ್ಯಕ್ಷಮತೆ ಎಂದರೆ ಅಳೆಯಬೇಕು, ನಿಜ. ಏನನ್ನು ಅಳೆಯಬೇಕು ಎಂಬುದರಲ್ಲಿ ತಪ್ಪಿದರೆ ಉಳಿದ ಲೆಕ್ಕವೆಲ್ಲ ಸರಿಯಿದ್ದೂ ಉತ್ತರ ತಪ್ಪಾಗುತ್ತದೆ. ಎಂಜಿನಿಯರಿಂಗ್‌ನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಮುಂದಿನ ಸೋಮವಾರ ಕ್ಲಾಸು ತಪ್ಪಿಸಿ ಊರಿಗೆ ಬಂದು ತಾನೇ ಅಜ್ಜಿಯನ್ನು ಕರೆದುಕೊಂಡು ಅದೇ ಕಚೇರಿಗೆ ಹೋದಳು. ಆ ದಿನ ಬೇರೊಬ್ಬ ಯುವ ಸಿಬ್ಬಂದಿ ಇದ್ದರಂತೆ. ಮೊದಲು ಅಜ್ಜಿಗೆ ಕುರ್ಚಿ ಕೊಟ್ಟರಂತೆ. ಯಾವ ಅಫಿಡವಿಟ್ ಬೇಕು, ಎಲ್ಲಿ ಮಾಡಿಸಬೇಕು, ಯಾವ ಕೌಂಟರಿನಲ್ಲಿ ಕೊಡಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟರಂತೆ. ನಿಯಮ ಅದೇ, ಕಚೇರಿ ಅದೇ. ನಾಲ್ಕು ಸಲ ಅಲೆದರೂ ನನಗೆ ಸಿಗದ ಆ ಚೀಟಿಯನ್ನು ಅಕ್ಕ ತನ್ನ ಸಂವಿಧಾನದ ಪುಸ್ತಕದಲ್ಲಿ ಇಟ್ಟುಕೊಂಡಿದ್ದಾಳೆ.

ಎರಡು ತಿಂಗಳ ಮೇಲೆ ಪಿಂಚಣಿ ಬಂತು. ಅಜ್ಜಿ ಅದರಲ್ಲಿ ನೂರು ರೂಪಾಯಿ ತೆಗೆದು ನನ್ನ ಕೈಗಿಟ್ಟಳು, ಅಕ್ಕನಿಗೆ ಪರೀಕ್ಷೆ ಬರೆಯಲು ಒಳ್ಳೆಯ ಪೆನ್ನು ಕೊಡಿಸು ಎಂದಳು. ಈ ಶನಿವಾರ ರೊಟ್ಟಿಯ ಜೊತೆ ಅದನ್ನೂ ತಲುಪಿಸಬೇಕು.